ನಡುಗದ ಗೆರೆ

ಬೆಳ್ಳಿಯ ಮೇಲೆ ಗೆರೆ ಕೊರೆದು ಬದುಕಿದ ಒಬ್ಬ ಮನುಷ್ಯನ ಬಾಳನ್ನು ಇಲ್ಲಿ ಹೇಳಹೊರಟಿದ್ದೇನೆ. ಆತ ಈಗಲೂ ನಮ್ಮ ನಡುವೆ ಇದ್ದಾನೆ. ನಮ್ಮ ಪ್ರಾರ್ಥನಾ ಮಂದಿರದ ಕೊನೆಯ ಸಾಲಿನಲ್ಲಿ, ಬಾಗಿಲಿಗೆ ಅಂಟಿಕೊಂಡಿರುವ ಕುರ್ಚಿ ಆತನದು. ಮುಂದೆ ಬಂದು ಕೂರಿರೆಂದು ಯಾರೆಷ್ಟು ಕರೆದರೂ ಅಲ್ಲಿಂದ ಕದಲುವುದಿಲ್ಲ. ಕಣ್ಣೀರಿನಲ್ಲಿ ಮೊದಲಾಗಿ ಸಮಾಧಾನದಲ್ಲಿ ಮುಗಿಯುವ ಬಾಳುಗಳನ್ನು ನಾನು ಸಭೆಯಲ್ಲಿ ಅನೇಕ ಸಲ ಹೇಳಿದ್ದೇನೆ, ಕೇಳಿದವರ ಮುಖ ಅರಳುವುದನ್ನು ಕಂಡು ದೇವರನ್ನು ಕೊಂಡಾಡಿದ್ದೇನೆ. ಇದು ಅಂಥದಲ್ಲ. ಬರೆಯಲು ಆತನ ಅಪ್ಪಣೆ ಕೇಳಲು ಹೋದಾಗ, "ಬರೀರಿ. ಆದ್ರೆ ಕೊನೇಲಿ ಎಲ್ಲಾ ಸರಿಹೋಯ್ತು ಅಂತ ಮಾತ್ರ ಬರೀಬೇಡಿ," ಎಂದ. ಆ ಮಾತಿಗೆ ನಾನು ಬದ್ಧನಾಗಿದ್ದೇನೆ.

ಕೆಲಸದವರು ಆತನನ್ನು ಗೆರೆಯಣ್ಣ ಎಂದು ಕರೆಯುತ್ತಾರೆ. ಆತ ದುಡಿಯುವ ಸ್ಥಳವನ್ನು ಕಾರ್ಖಾನೆ ಎನ್ನುವುದಕ್ಕಿಂತ ಕೆಲಸದ ಮನೆ ಎನ್ನುವುದು ಮೇಲು. ಇಕ್ಕಟ್ಟಾದ ಬೀದಿಯೊಂದರಲ್ಲಿ, ಬೀಗ ರಿಪೇರಿ ಮಾಡುವ ಅಂಗಡಿಯ ಮೇಲಿನ ಮಹಡಿ. ಅಲ್ಲಿ ತಯಾರಾಗುವುದು ಫೌಂಟನ್ ಪೆನ್ನು. ನಾವು ನೀವು ಜೇಬಿಗೆ ಸಿಕ್ಕಿಸಿಕೊಳ್ಳುವ ಪೆನ್ನಲ್ಲ. ಬೆಳ್ಳಿಯ ಮೈ, ಚಿನ್ನದ ನಿಬ್ಬು, ಮೈತುಂಬ ನಮ್ಮ ಮುತ್ತಜ್ಜಂದಿರ ಕಾಲದ ಅಲಂಕಾರ. ಆ ಅಲಂಕಾರಗಳನ್ನು ಯಜಮಾನರು ಗಿರಾಕಿಗಳ ಮುಂದೆ ಆರ್ಟ್ ನುವೊ, ಆರ್ಟ್ ಡೆಕೊ ಎಂದು ಹೆಸರಿಟ್ಟು ಕರೆಯುತ್ತಾರೆ. ಕೆಲಸದವರ ಬಾಯಲ್ಲಿ ಮಾತ್ರ ಒಂದು ಬಳ್ಳಿ, ಇನ್ನೊಂದು ಕಿರಣ. ಬಳ್ಳಿಯೆಂದರೆ ಬಾಗಿ ಬಳುಕುವ ಕಾಂಡ, ನೀರಿನಲ್ಲಿ ತೇಲುವ ಕೂದಲಿನಂಥ ಎಳೆ, ಮೊಗ್ಗು, ಚಿಟ್ಟೆಯ ರೆಕ್ಕೆ. ಕಿರಣವೆಂದರೆ ಮೂಡುವ ಸೂರ್ಯನಿಂದ ಹೊಮ್ಮಿದ ನೇರ ಗೆರೆಗಳು, ಮೆಟ್ಟಿಲು ಮೆಟ್ಟಿಲಾಗಿ ಏರುವ ಕೋನಗಳು.

ಕೊಂಡವರಲ್ಲಿ ಹೆಚ್ಚಿನವರು ಆ ಪೆನ್ನುಗಳಿಗೆ ಮಸಿಯನ್ನೇ ತುಂಬುವುದಿಲ್ಲವೆಂಬುದು ಆ ಮಹಡಿಯ ಹಳೆಯ ನಗೆಮಾತು. ನಿಬ್ಬು ತಿದ್ದುವ ಮುದುಕನೊಬ್ಬನಿದ್ದಾನೆ, ಎಲ್ಲರಿಗೂ ಆತ ನಿಬ್ಬಿನ ತಾತ. "ನಾನಿಲ್ಲಿ ಕಣ್ಣು ಕಳ್ಕೊಂಡು ತಿದ್ದಿದ ನಿಬ್ಬು, ಇಲ್ಲಿಂದ ಹೋದ್ಮೇಲೆ ಒಂದು ತೊಟ್ಟು ಇಂಕಿನ ಮುಖ ನೋಡಲ್ಲ ಕಣ್ರೋ. ಗಾಜಿನ ಬೀರುವಲ್ಲಿ ಕೂತು ಕೂತು ಮುದಿಯಾಗತ್ತೆ," ಎಂದು ಆತ ಗೊಣಗುವುದು.

"ಬಿಡಿ ತಾತ, ಅಷ್ಟು ಬೆಲೆ ಪೆನ್ನಲ್ಲಿ ಏನಂತ ಬರೀತಾರೆ ಪಾಪ? ಅರ್ಧ ಕೇಜಿ ಈರುಳ್ಳಿ, ಒಂದು ಸೋಪು ಅಂತಾನಾ?" ಎಂದು ಒಮ್ಮೆ ಮೂಲೆಯಿಂದ ಉತ್ತರ ಬಂದಿತ್ತು. ಹಾಗೆ ಹೇಳಿದವಳು ಪೆನ್ನಿನ ಮುಚ್ಚಳಗಳಿಗೆ ಹೊಳಪು ಕೊಡುತ್ತಿದ್ದ ಹುಡುಗಿ. ಯಾವತ್ತೂ ನಗದ ಗೆರೆಯಣ್ಣ ಆ ಮಾತಿಗೆ ನಕ್ಕನಂತೆ, ಆ ನಗುವನ್ನು ಆತನ ಅಕ್ಕ ಗಮನಿಸಿದಳಂತೆ, ಆ ವರ್ಷವೇ ಮದುವೆ ಮಾಡಿಸಿಬಿಟ್ಟಳಂತೆ.

ಆ ಅಕ್ಕನ ವಿಚಾರ ಹೇಳುವ ಮೊದಲು ಆತನ ಕೆಲಸದ ವಿಚಾರ ಹೇಳಬೇಕು; ಏಕೆಂದರೆ ಮುಂದೆ ಆದದ್ದೆಲ್ಲ ಆ ಕೆಲಸದ ಕಟ್ಟುಪಾಡಿನಿಂದಲೇ ಆಯಿತು.

ಗೆರೆಯಣ್ಣನ ಯಂತ್ರಕ್ಕೆ ವಿದ್ಯುತ್ತಿಲ್ಲ. ಎಡಗೈಯಿಂದ ತಿರುಗಿಸುವ ಒಂದು ಚಕ್ರ, ಅದಕ್ಕೆ ಸಿಕ್ಕಿಸಿದ ಬೆಳ್ಳಿಯ ಕೊಳವೆ, ಬಲಗೈಯ ಹೆಬ್ಬೆರಳಿನಿಂದ ಒತ್ತಿ ಹಿಡಿಯುವ ಸಣ್ಣ ಉಳಿ. ಚಕ್ರ ತಿರುಗಿದಂತೆ ಉಳಿ ಬೆಳ್ಳಿಯಲ್ಲಿ ಕೂದಲಿಗಿಂತ ತೆಳ್ಳನೆಯ ಗೆರೆಯನ್ನು ಕೊರೆಯುತ್ತದೆ. ಒಂದರ ಪಕ್ಕದಲ್ಲೊಂದು ಗೆರೆ ಕೂಡುತ್ತ ಕೂಡುತ್ತ ಇಡೀ ಕೊಳವೆ ಬೆಳಕಿನಲ್ಲಿ ಅಲೆಯಾಡತೊಡಗುತ್ತದೆ. ಗೆರೆಯ ಆಳವನ್ನು ನಿರ್ಧರಿಸುವುದು ಹೆಬ್ಬೆರಳಿನ ಭಾರವೊಂದೇ. ಕೊಳವೆಯ ನಡುವೆ ಎದ್ದುಹೋಗಿ ಬಂದು ಕುಳಿತರೆ ಆ ಭಾರ ಮತ್ತೆ ಅದೇ ಭಾರವಾಗಿರುವುದಿಲ್ಲ. ಮೊದಲಿನ ಗೆರೆಗಳು ಒಂದು ಜಾತಿ, ಆಮೇಲಿನವು ಇನ್ನೊಂದು ಜಾತಿಯಾಗಿ ನಿಲ್ಲುತ್ತವೆ. ಕೊರೆದದ್ದರ ಮೇಲೆ ಬಣ್ಣದ ಗಾಜಿನ ಪುಡಿಯನ್ನು ಸವರಿ ಕುಲುಮೆಯಲ್ಲಿ ಕರಗಿಸುತ್ತಾರೆ. ಗಾಜು ಕೆಳಗಿನ ತಪ್ಪನ್ನು ಮುಚ್ಚುವುದಿಲ್ಲ, ದೊಡ್ಡದು ಮಾಡಿ ತೋರಿಸುತ್ತದೆ. ಆದುದರಿಂದ ಒಮ್ಮೆ ಹಿಡಿದ ಕೊಳವೆಯನ್ನು ಕೂತಲ್ಲಿಂದ ಏಳದೆ ಮುಗಿಸಬೇಕು.

ಇದರಿಂದ ಹುಟ್ಟಿದ್ದು ಆ ಮಹಡಿಯ ಕಟ್ಟಳೆ: ಚಕ್ರ ತಿರುಗುವಾಗ ಮಾತಿಲ್ಲ. ಮೊಬೈಲುಗಳೆಲ್ಲ ಬಾಗಿಲಾಚೆಯ ತಗಡಿನ ಡಬ್ಬಿಯಲ್ಲಿ. ಯಾರೇ ಬರಲಿ, ಯಜಮಾನರೇ ಬರಲಿ, ಚಕ್ರ ನಿಲ್ಲುವವರೆಗೆ ಬಾಗಿಲ ಚೌಕಟ್ಟಿಗೆ ಒರಗಿ ನಿಲ್ಲಬೇಕು. ಹಿಂದೊಮ್ಮೆ ಕೆಳಗಿನ ಬೀಗದ ಅಂಗಡಿಯಲ್ಲಿ ಬೆಂಕಿ ಕಾಣಿಸಿಕೊಂಡು ಹೊಗೆ ಮೆಟ್ಟಿಲು ಹತ್ತಿ ಬಂದಾಗಲೂ ಗೆರೆಯಣ್ಣ ಕೊಳವೆ ಮುಗಿಸಿಯೇ ಎದ್ದನೆಂದು ಅಲ್ಲಿಯವರು ಹೆಮ್ಮೆಯಿಂದ ಹೇಳುತ್ತಿದ್ದರು. "ಬೆಂಕಿಗೇ ಕಾಯೋಕೆ ಹೇಳಿದ ಗಂಡು ಇವನು," ಎಂದು ನಿಬ್ಬಿನ ತಾತ ಬೆನ್ನು ತಟ್ಟುತ್ತಿದ್ದ. ಈಗ ಆ ಕಥೆಯನ್ನು ಅಲ್ಲಿ ಯಾರೂ ಎತ್ತುವುದಿಲ್ಲ.

ಆ ಕಟ್ಟಳೆಯನ್ನು ಆತನಿಗೆ ಕಲಿಸಿದವಳು ಅಕ್ಕ. ಗಾಜಿನ ಬಣ್ಣ ಸವರುವ ಕೆಲಸ ಆಕೆಯದು, ಆದ್ದರಿಂದ ಬಣ್ಣದಕ್ಕ. ತಂದೆ ತೀರಿಕೊಂಡಾಗ ತಮ್ಮ ಇನ್ನೂ ನಡೆಯಲು ಕಲಿಯುತ್ತಿದ್ದ, ತಾಯಿ ಹಾಸಿಗೆ ಹಿಡಿದಿದ್ದಳು. ಅಕ್ಕ ಆ ಮಹಡಿ ಸೇರಿ ಇಬ್ಬರನ್ನೂ ಸಾಕಿದಳು. ತಮ್ಮ ದೊಡ್ಡವನಾದಾಗ ಕೈಹಿಡಿದು ಕರೆತಂದು ಚಕ್ರದ ಮುಂದೆ ಕೂರಿಸಿದಳು. ಅಂದಿನಿಂದ ಆತ ಕೊರೆದದ್ದರ ಮೇಲೆಲ್ಲ ಆಕೆಯ ಬಣ್ಣ ಕೂತಿತು. ಆತನಿಗೆ ಕಿರಣ ಪ್ರೀತಿ, ಆಕೆಗೆ ಬಳ್ಳಿ. "ನಿನ್ನ ಗೆರೆ ನೋಡಿದ್ರೆ ಬೆನ್ನು ನೆಟ್ಟಗೆ ಮಾಡ್ಕೊಂಡು ಕೂರ್ಬೇಕು ಅನ್ಸತ್ತೆ ಕಣೋ. ಸ್ವಲ್ಪ ಬಗ್ಗೋದು ಕಲಿ," ಎಂದು ಆಕೆ ರೇಗಿಸುವಳು. "ನಿನ್ನ ಬಳ್ಳಿ ನೋಡಿದ್ರೆ ನಿದ್ದೆ ಬರತ್ತೆ," ಎಂದು ಈತ. ಅಕ್ಕ ಮದುವೆಯಾಗಲಿಲ್ಲ. ಕೇಳಿದವರಿಗೆ, "ಒಬ್ಬನ್ನ ಸಾಕಿ ಸಾಕಾಗಿದೆ, ಇನ್ನೊಬ್ಬನ್ನ ಎಲ್ಲಿಂದ ಸಾಕಲಿ," ಎಂದು ಬಾಯಿ ಮುಚ್ಚಿಸುವಳು.

ಮನೆಯಲ್ಲಿಯೂ ಈತ ಗೆರೆಯ ಧ್ಯಾನದಲ್ಲೇ ಇರುವವನು. ಊಟಕ್ಕೆ ಕರೆದರೆ "ಬಂದೆ" ಎನ್ನುವನು, ಏಳುವನಲ್ಲ. ಅಕ್ಕ ಬಡಿಸಿ, ಮುಚ್ಚಿಟ್ಟು, ಮತ್ತೆ ಬಿಸಿ ಮಾಡಿ, ನಾದಿನಿಯ ಮುಂದೆ ಹಾಡಿಕೊಳ್ಳುವಳು: "ಇವನ ‘ಬಂದೆ’ ನಂಬಿ ಅನ್ನ ಬಡಿಸ್ಬೇಡ ಕಣೇ. ಇವನು ಬಂದೆ ಅಂದ್ಮೇಲೆ ನೀನು ಸ್ನಾನ ಮಾಡಿ, ತಲೆ ಒಣಗಿಸ್ಕೊಂಡು ಬಂದ್ರೂ ಟೈಮಿರತ್ತೆ." ಮೂವರೂ ನಗುವರು. ಆ ಮನೆಯ ನಗುವಿಗೆ ಹೆಚ್ಚಿನ ಬಂಡವಾಳ ಆ ಒಂದು ಮಾತೇ ಆಗಿತ್ತು.

ಇಷ್ಟು ಗಟ್ಟಿ ಹೆಣ್ಣುಮಗಳಿಗೆ ಒಂದೇ ಒಂದು ಭಯವಿತ್ತು, ಅದು ತಾಯಿಯ ಸಾವಿನಿಂದ ಅಂಟಿದ್ದು. ಅಕ್ಕ ತಮ್ಮ ಇಬ್ಬರೂ ಮಹಡಿಯಲ್ಲಿದ್ದ ಒಂದು ಹಗಲು ತಾಯಿ ಮನೆಯಲ್ಲಿ ಒಬ್ಬಳೇ ತೀರಿಹೋಗಿದ್ದಳು. ಸಂಜೆ ಬೀಗ ತೆಗೆದವಳು ಅಕ್ಕ. ತಾಯಿಯ ಮುಖ ಗೋಡೆಯ ಕಡೆಗಿರಲಿಲ್ಲ, ಬಾಗಿಲ ಕಡೆಗಿತ್ತು. ಕಣ್ಣು ತೆರೆದೇ ಇತ್ತು. ಸಾಯುವುದಕ್ಕೆ ತಾನು ಹೆದರುವುದಿಲ್ಲ, ದೇವರ ಬಳಿಗೆ ಹೋಗುವುದಕ್ಕೆ ಹೆದರಿಕೆಯೇಕೆ ಎಂದು ಅಕ್ಕ ನನ್ನೊಡನೆ ಎಷ್ಟೋ ಸಲ ಅಂದಿದ್ದಾಳೆ. "ಆದ್ರೆ ಬಾಗಿಲು ನೋಡ್ತಾ ಸಾಯ್ಬಾರ್ದು. ಅದೊಂದನ್ನ ತಪ್ಪಿಸಪ್ಪ ಅಂತ ಬೇಡ್ಕೋತೀನಿ," ಎನ್ನುವಳು.

ವರ್ಷಗಟ್ಟಲೆ ಕುಲುಮೆಯ ಮುಂದೆ ಕೂತ ಆಕೆಗೆ ಕೊನೆಗೆ ಉಸಿರಿನ ಕಾಯಿಲೆ ಬಂತು. ಆಸ್ಪತ್ರೆಯವರು ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸಿದ ದಿನ ಆಕೆ ತಮ್ಮನನ್ನು ಹಾಸಿಗೆಯ ಬಳಿ ಕೂರಿಸಿಕೊಂಡು ಮಾತು ತೆಗೆದುಕೊಂಡಳು. ನಾನು ಪ್ರಾರ್ಥನೆ ಮಾಡಲು ಹೋದವನು ಅಲ್ಲಿಯೇ ಇದ್ದೆ.

"ಲೋ ಮರಿ, ನಂಗೆ ಆಸ್ತಿ ಬೇಡ, ಗೋರಿ ಬೇಡ. ಉಸಿರು ಹೋಗೋವಾಗ ನೀನು ಪಕ್ಕದಲ್ಲಿರು. ಅಷ್ಟೇ."

"ಇರ್ತೀನಿ ಅಕ್ಕಾ."

"ಕರೆದ್ರೆ ಬರ್ತೀಯಾ?"

"ಬರ್ತೀನಿ."

"ಬರ್ತೀನಿ ಅನ್ನು, ಪರವಾಗಿಲ್ಲ. ಬಂದೆ ಅಂತ ಮಾತ್ರ ಅನ್ಬೇಡ," ಎಂದು ಆಕೆ ಕೆಮ್ಮುತ್ತ ನಕ್ಕಳು. ನಾವೆಲ್ಲರೂ ನಕ್ಕೆವು.

ಮನೆಗೂ ಮಹಡಿಗೂ ದೂರವಿಲ್ಲ. ಎರಡು ಬೀದಿ ದಾಟಿದರೆ ಆಯಿತು. ಹೆಂಡತಿ ಹೊಳಪಿನ ಕೆಲಸವನ್ನು ಬಿಟ್ಟು ಅತ್ತಿಗೆಯ ಪಕ್ಕದಲ್ಲೇ ಉಳಿದಳು. ಉಸಿರು ಬದಲಾದ ಕೂಡಲೇ ತಾನು ಹೇಳಿಕಳಿಸುವೆನೆಂದಳು. ಆತ ಬೆಳಿಗ್ಗೆ ಹೊರಡುವಾಗಲೂ ಮಧ್ಯಾಹ್ನ ಬಂದು ಹೋಗುವಾಗಲೂ ಅಕ್ಕನ ಕೈ ಹಿಡಿದು ಕೂತು ಹೋಗುತ್ತಿದ್ದ. ಇದಕ್ಕಿಂತ ಹೆಚ್ಚಿನದನ್ನು ಯಾವ ತಮ್ಮನಿಂದಲೂ ಕೇಳಲಾಗದು.

ಆ ದಿನ ಆತನ ಚಕ್ರದಲ್ಲಿದ್ದದ್ದು ಒಂದು ಕಿರಣದ ಕೊಳವೆ. ಯಾರೋ ಒಬ್ಬ ದೊಡ್ಡ ಹುದ್ದೆಯವರು ನಿವೃತ್ತರಾಗುವಾಗ ಅವರಿಗೆ ಕೊಡಲೆಂದು ಯಾರೋ ಹೇಳಿ ಮಾಡಿಸುತ್ತಿದ್ದ ಪೆನ್ನು; ಅದರಲ್ಲಿ ವಿಶೇಷವೇನೂ ಇರಲಿಲ್ಲ. ಮಧ್ಯಾಹ್ನ ಅಕ್ಕನನ್ನು ನೋಡಿ ಬಂದು ಕೂತಿದ್ದ. ಮುಕ್ಕಾಲು ಭಾಗ ಕೊರೆದಾಗಿತ್ತು.

ಮನೆಯಲ್ಲಿ ಅಕ್ಕನ ಉಸಿರು ಬದಲಾಯಿತು. ಹೆಂಡತಿ ಫೋನು ಮಾಡಿದಳು. ಅದು ತಗಡಿನ ಡಬ್ಬಿಯಲ್ಲಿ ಬಡಿದುಕೊಂಡು ಸುಮ್ಮನಾಯಿತು. ಎದುರುಮನೆಯಾಕೆಯನ್ನು ಕೂಗಿ ಕರೆದು ಹಾಸಿಗೆಯ ಬಳಿ ಕೂರಿಸಿ, ಚಪ್ಪಲಿಯನ್ನೂ ಮೆಟ್ಟದೆ ಓಡಿದಳು. ಮೆಟ್ಟಿಲು ಹತ್ತಿ ಬಾಗಿಲಿಗೆ ಬಂದಳು. ಬಾಗಿಲ ಪಕ್ಕದ ಮೇಜಿನಲ್ಲಿದ್ದ ನಿಬ್ಬಿನ ತಾತ ಆಕೆಯನ್ನು ಕಂಡು, ಎಂದಿನ ಅಭ್ಯಾಸದಂತೆ ತುಟಿಯ ಮೇಲೆ ಬೆರಳಿಟ್ಟ. ಚಕ್ರ ತಿರುಗುತ್ತಿತ್ತು.

ಪ್ರಿಯರೇ, ಇಲ್ಲಿ ನಿಂತು ಯೋಚಿಸಿ. ಬೇರೆ ಯಾವ ಮನೆಯ ಹೆಣ್ಣುಮಗಳೇ ಆಗಿದ್ದರೂ ಬಾಗಿಲಲ್ಲೇ ಕಿರುಚಿಬಿಡುತ್ತಿದ್ದಳು. ಆದರೆ ಈಕೆ ಅದೇ ಮಹಡಿಯಲ್ಲಿ ಬೆಳೆದವಳು. ಚಕ್ರ ತಿರುಗುವಾಗ ಸೀನು ಬಂದರೂ ಬಟ್ಟೆಯಲ್ಲಿ ಮುಖ ಹುದುಗಿಸಿಕೊಳ್ಳುತ್ತಿದ್ದವಳು. ಕಾಲು ತಾನಾಗಿ ಚೌಕಟ್ಟಿನತ್ತ ಹೋಯಿತು, ಬೆನ್ನು ಒರಗಿತು. "ಅವರು ನನ್ನ ನೋಡ್ತಾರೆ, ನೋಡಿದ ತಕ್ಷಣ ಏಳ್ತಾರೆ ಅಂದ್ಕೊಂಡೆ," ಎಂದು ಆಕೆ ನನ್ನೆದುರು ಹೇಳಿದಳು.

ಆತ ನೋಡಿದ್ದ. ಹೊಳೆಯುವ ಬೆಳ್ಳಿಯ ಅಂಚಿನಲ್ಲಿ, ಹೆಂಡತಿಯ ಬಟ್ಟೆಯ ಹಳದಿ ಬಣ್ಣ ಒಂದು ತೆಳ್ಳನೆಯ ಗೆರೆಯಾಗಿ ಬಂದು ನಿಂತದ್ದನ್ನು ಆತ ಕಂಡಿದ್ದ. ಅದು ಯಾರೆಂದೂ, ಏಕೆ ಬಂದಿರಬಹುದೆಂದೂ ಆತನಿಗೆ ಹೊಳೆದಿತ್ತು. "ನಿಜವಾಗ್ಲೂ ಆ ಹೊತ್ತು ಬಂದಿದ್ರೆ ಅವಳು ಕೂಗ್ತಾಳೆ ಅಂದ್ಕೊಂಡೆ. ಕೂಗ್ಲಿಲ್ಲ. ಕೂಗ್ಲಿಲ್ಲ ಅಂದ್ರೆ ಇನ್ನೂ ಟೈಮಿದೆ ಅಂತ." ಹೀಗೆ ಆಕೆ ಆತ ಏಳಲೆಂದು ಕಾದಳು, ಆತ ಆಕೆ ಕೂಗಲೆಂದು ಕಾದ, ನಡುವೆ ಚಕ್ರ ತಿರುಗಿತು. ಉಳಿದ ಕಾಲುಭಾಗ ಮುಗಿಯಿತು. ಆತ ಉಳಿಯನ್ನು ಎತ್ತಿದ. ಕೊಳವೆಯ ಮೇಲಿನ ಬೆಳ್ಳಿಯ ಪುಡಿಯನ್ನು ಊದಿದ. ಆಮೇಲೆ ತಿರುಗಿದ.

"ಅಕ್ಕನಾ?"

ಆಕೆ ತಲೆಯಾಡಿಸಿದಳು.

ಇಬ್ಬರೂ ಓಡಿದರು. ಎದುರುಮನೆಯಾಕೆ ಹೊಸ್ತಿಲಲ್ಲಿಯೇ ನಿಂತಿದ್ದಳು. "ಈಗಷ್ಟೇ ಕಣಪ್ಪ… ಈಗಷ್ಟೇ," ಎಂದಳು. ಆ ಒಳ್ಳೆಯ ಹೆಂಗಸು, ಸಮಾಧಾನವಾಗಲೆಂದು, ನಡೆದದ್ದನ್ನೆಲ್ಲ ಹೇಳಿದಳು: "ಬಂದನಾ, ಬಂದನಾ ಅಂತ ಕೇಳ್ತಾನೇ ಇದ್ರು. ನಂಗೆ ನೋಡೋಕಾಗ್ದೆ, ಬಂದ್ರು ಅಕ್ಕಾ, ಅಗೋ ಬಂದೆ ಅಂತಿದಾರೆ ಅಂತ ಸುಳ್ಳು ಹೇಳ್ಬಿಟ್ಟೆ. ಅದಕ್ಕೆ ಒಂಥರಾ ನಕ್ಕು, ‘ಅವನ ಬಂದೆ ನಂಗೊತ್ತಿಲ್ವಾ’ ಅಂದ್ರು. ಆಮೇಲೆ ಮಾತಾಡ್ಲಿಲ್ಲ."

ಆತ ಒಳಗೆ ಹೋದ. ಅಕ್ಕನ ಮುಖ ಬಾಗಿಲ ಕಡೆಗಿತ್ತು.

ಮಣ್ಣಿನ ಕಾರ್ಯ ಮುಗಿದ ಮೇಲೆ, ಬಂದವರೆಲ್ಲ ಹೋದ ಮೇಲೆ, ಗಂಡಹೆಂಡಿರ ನಡುವೆ ಒಂದು ಮಾತು ನಡೆಯಿತು. ಕೊನೆಗೆ ಹೊರಡಲಿದ್ದ ನಾನು ಅಡುಗೆಮನೆಯ ಬಾಗಿಲಲ್ಲಿದ್ದೆ.

"ಒಂದು ಸಲ ಕೂಗಬಾರ್ದಿತ್ತಾ ನೀನು?"

"ಒಂದು ಸಲ ತಿರುಗಬಾರ್ದಿತ್ತಾ ನೀವು?"

ಅಷ್ಟೇ. ಇಬ್ಬರೂ ಕೆಟ್ಟವರಲ್ಲ. ಇಬ್ಬರ ಮಾತಿನಲ್ಲಿಯೂ ಸುಳ್ಳಿಲ್ಲ. ಅಂದಿನಿಂದ ಅವರು ಒಬ್ಬರ ತಟ್ಟೆಗೆ ಒಬ್ಬರು ಬಡಿಸುತ್ತಾರೆ, ಒಬ್ಬರ ಔಷಧಿಯನ್ನು ಒಬ್ಬರು ನೆನಪಿಸುತ್ತಾರೆ, ಅದನ್ನು ಮಾತ್ರ ಮತ್ತೆ ಎತ್ತಿಲ್ಲ. ನನಗೆ ಆ ಮನೆಯಲ್ಲಿ ಹೆಚ್ಚು ಭಯ ಹುಟ್ಟಿಸುವುದು ಜಗಳವಲ್ಲ, ಆ ಮರ್ಯಾದೆ.

ದುಃಖದ ದಿನಗಳು ಕಳೆದು ಗೆರೆಯಣ್ಣ ಮಹಡಿಗೆ ಹಿಂದಿರುಗಿದಾಗ ಆ ಕೊಳವೆ ಪೆನ್ನಾಗಿಬಿಟ್ಟಿತ್ತು. ಅಕ್ಕನ ಜಾಗಕ್ಕೆ ಬಂದ ಹೊಸ ಹೆಣ್ಣುಮಗಳು ಅದಕ್ಕೆ ಕಡು ನೀಲಿ ಗಾಜನ್ನು ಸವರಿ ಸುಟ್ಟಿದ್ದಳು, ತಾತ ನಿಬ್ಬು ಕೂರಿಸಿದ್ದ. ಮಖಮಲ್ಲಿನ ಪೆಟ್ಟಿಗೆಯಲ್ಲಿ ಮಲಗಿ ಹೊರಡಲು ಸಿದ್ಧವಾಗಿತ್ತು. ಆತ ಯಜಮಾನರ ಕೋಣೆಗೆ ಹೋಗಿ, ಅದನ್ನೊಮ್ಮೆ ನೋಡಬೇಕೆಂದು ಕೇಳಿದ. ಯಜಮಾನರು ಒಳ್ಳೆಯವರು; ಕೂರಲು ತಮ್ಮ ಕುರ್ಚಿಯನ್ನೇ ಕೊಟ್ಟರು, ಕಿಟಕಿಯ ಪರದೆ ಸರಿಸಿದರು.

ಆತ ಭೂತಗನ್ನಡಿಯನ್ನು ಕಣ್ಣಿಗೆ ಒತ್ತಿಕೊಂಡು ಪೆನ್ನನ್ನು ಬೆಳಕಿಗೆ ಹಿಡಿದ. ಕೊಳವೆಯ ಮೇಲೆ ಮೊದಲ ಗೆರೆ ಎಲ್ಲಿ ಆರಂಭವಾಯಿತೆಂದು ಕೊರೆದವನಿಗೆ ಗೊತ್ತಿರುತ್ತದೆ. ಅಲ್ಲಿಂದ ಆತ ಮೆಲ್ಲಗೆ ತಿರುಗಿಸುತ್ತ ಬಂದ. ಹಳದಿ ಬಣ್ಣ ಬೆಳ್ಳಿಯಲ್ಲಿ ಮೂಡಿದ ಜಾಗಕ್ಕೆ ಬಂದ. ಆತ ಹುಡುಕುತ್ತಿದ್ದದ್ದು ತಪ್ಪನ್ನು. ಒಂದು ಕಡೆ, ಒಂದೇ ಒಂದು ಕಡೆ, ಗೆರೆ ಸ್ವಲ್ಪ ಆಳಕ್ಕಿಳಿದಿದ್ದರೆ, ಸ್ವಲ್ಪ ಅಲುಗಿದ್ದರೆ, ಅಕ್ಕನಿಗಾಗಿ ತನ್ನ ಕೈ ಆ ಕ್ಷಣ ನಡುಗಿತ್ತೆಂದು ಆತ ತಿಳಿದುಕೊಳ್ಳಬಹುದಿತ್ತು. ಮನಸ್ಸು ಏಳೆಂದಿತು, ಕೈ ಬಿಡಲಿಲ್ಲ ಎಂದುಕೊಳ್ಳಬಹುದಿತ್ತು. ಗಾಜು ಏನನ್ನೂ ಮುಚ್ಚುವುದಿಲ್ಲವಷ್ಟೆ. ಆತ ಅತ್ತಿಂದಿತ್ತ ಮತ್ತೆ ಮತ್ತೆ ತಿರುಗಿಸಿದ.

ಯಜಮಾನರು ಹಿಂದಿನಿಂದ ಬಾಗಿ ನೋಡಿ, ಪಾಪ, ಒಳ್ಳೆಯ ಮಾತಾಡಬೇಕೆಂದು ಹೇಳಿದರು: "ನಾನೂ ನೋಡಿದೆ ಕಣ್ರೀ. ಇಷ್ಟು ವರ್ಷದಲ್ಲಿ ನಿಮ್ಮ ಕೈಯಿಂದ ಇಷ್ಟು ಚೊಕ್ಕವಾದ್ದು ಬಂದೇ ಇಲ್ಲ. ಅದರಲ್ಲೂ ಆ ಕೊನೇ ಕಾಲುಭಾಗ!"

ಆತ ಪೆನ್ನನ್ನು ಪೆಟ್ಟಿಗೆಯಲ್ಲಿಟ್ಟು, ಕೈಮುಗಿದು, ಎದ್ದು ಬಂದ. ಆ ಸಂಜೆ ನನ್ನ ಮನೆಯ ಮೆಟ್ಟಿಲ ಮೇಲೆ ಕೂತು ಹೇಳಿದ: "ನಡುಗಿಲ್ಲ ಸ್ವಾಮಿ. ಒಂದು ಕೂದಲಷ್ಟೂ ನಡುಗಿಲ್ಲ. ಅವಳು ಅಲ್ಲಿ ಬಾಗಿಲು ನೋಡ್ತಿದ್ಲು. ನಾನಿಲ್ಲಿ ನನ್ನ ಜೀವಮಾನದ ಒಳ್ಳೆ ಗೆರೆ ಎಳೀತಿದ್ದೆ."

ನಾನು ನನಗೆ ತಿಳಿದ ಮಟ್ಟಿಗೆ ಹೇಳಿದೆ. ಕೈಯ ಅಭ್ಯಾಸ ಬೇರೆ, ಹೃದಯ ಬೇರೆ ಎಂದೆ. ದಯಾಮಯನಾದ ದೇವರು ಭೂತಗನ್ನಡಿಯಿಂದ ನಮ್ಮನ್ನು ನೋಡುವವನಲ್ಲ ಎಂದೆ. ಅಕ್ಕ ಕೊನೆಯಲ್ಲಿ ಆಡಿದ ಮಾತು ದೂರಲ್ಲ, ಅದು ನಿಮ್ಮ ಮನೆಯ ನಗೆಮಾತು, ಊಟಕ್ಕೆ ಕರೆದು ಕಾಯುತ್ತಿದ್ದ ಅಕ್ಕ ನಗುನಗುತ್ತಲೇ ಕಾದಳು ಎಂದೆ. ನಾನು ಹಾಗೆಂದೇ ನಂಬುತ್ತೇನೆ. ಈ ಸಾಲನ್ನು ಬರೆಯುವಾಗಲೂ ನಂಬುತ್ತೇನೆ.

ಆತ ತಲೆಯೆತ್ತಿ ಕೇಳಿದ: "ಎದುರುಮನೆಯಾಕೆ ‘ಒಂಥರಾ ನಕ್ರು’ ಅಂದ್ಲು. ಒಂಥರಾ ಅಂದ್ರೆ ಯಾವ ಥರಾ? ಅದನ್ನ ಹೇಳಿ ನೀವು."

ಯಾರು ಹೇಳಬಲ್ಲರು? ಎದುರುಮನೆಯಾಕೆಯನ್ನು ಆತ ಎಷ್ಟೋ ಸಲ ಕೇಳಿದ್ದಾನೆ. ಆಕೆ ಮೊದಮೊದಲು ನೆನಪಿಸಿಕೊಂಡು ಹೇಳುತ್ತಿದ್ದಳು, ಆಮೇಲೆ ಗಾಬರಿಯಾದಳು, ಈಗ ಆತ ಬರುವುದನ್ನು ಕಂಡರೆ ಒಳಗೆ ಸರಿಯುತ್ತಾಳೆ. ಸತ್ತವರ ನಗುವಿಗೆ ಸಾಕ್ಷಿ ಹೇಳುವುದು ಸುಲಭದ ಕೆಲಸವಲ್ಲ.

ಆತ ಮತ್ತೆ ಚಕ್ರದ ಮುಂದೆ ಕೂತ. ಕೈಗೆ ಏನೂ ಆಗಿರಲಿಲ್ಲ. ಗೆರೆ ಮೊದಲಿನಂತೆಯೇ ಬರುತ್ತಿತ್ತು. ಆದರೆ ಬಾಗಿಲಲ್ಲಿ ನೆರಳು ಬಿದ್ದರೆ ಸಾಕು, ಉಳಿಯನ್ನು ಹಾಗೆಯೇ ಬಿಟ್ಟು ಎದ್ದುಬಿಡುತ್ತಿದ್ದ. ಟೀ ತರುವವನು ಬಂದರೆ ಎದ್ದ. ಬೆಕ್ಕು ಬಂದರೂ ಎದ್ದ. ಕೊಳವೆಗಳು ಸಾಲುಸಾಲಾಗಿ ಹಾಳಾದವು, ನಡುನಡುವೆ ಉಳಿ ನಿಂತಲ್ಲಿ ಕಪ್ಪು ಚುಕ್ಕೆ ಬಿದ್ದು. ಯಜಮಾನರು ಒಂದು ಮಾತೂ ಬೈಯಲಿಲ್ಲ. ಚಕ್ರಕ್ಕೆ ಬೇರೊಬ್ಬರನ್ನು ಕೂರಿಸಿ, ಆತನನ್ನು ತಾತನ ಪಕ್ಕದಲ್ಲಿ ನಿಬ್ಬು ಪರೀಕ್ಷೆಯ ಮೇಜಿಗೆ ಕಳಿಸಿದರು.

ಆ ಮೇಜಿನ ಕೆಲಸ ಇಷ್ಟೇ. ಸಿದ್ಧವಾದ ಪ್ರತಿಯೊಂದು ಪೆನ್ನಿನ ನಿಬ್ಬನ್ನು ಮಸಿಯಲ್ಲಿ ಅದ್ದಿ, ಕಾಗದದ ಮೇಲೆ ಒಂದು ಮಾತು ಬರೆದು, ಮಸಿ ಸರಾಗವಾಗಿ ಇಳಿಯುತ್ತದೆಯೇ ಎಂದು ನೋಡಿ, ನೀರಿನಲ್ಲಿ ತೊಳೆದು, ಒರೆಸಿ ಇಡುವುದು. ಆ ಪೆನ್ನುಗಳಲ್ಲಿ ಎಷ್ಟೋ ಅದೊಂದೇ ಸಲ ಬರೆಯುತ್ತವೆ. ಏನು ಬರೆಯಬೇಕೆಂಬ ಕಟ್ಟಳೆಯಿಲ್ಲ. ತಾತ ಜೀವಮಾನವಿಡೀ ಸೊನ್ನೆ ಸುತ್ತಿದವನು. ಗೆರೆಯಣ್ಣ ಬರೆಯುವುದು ‘ಬಂದೆ’ ಎಂದು. ಬಳ್ಳಿಯ ಪೆನ್ನಿನಲ್ಲಿಯೂ ಅದೇ, ಕಿರಣದ ಪೆನ್ನಿನಲ್ಲಿಯೂ ಅದೇ. ದುಂಡಗೆ, ಚೊಕ್ಕವಾಗಿ, ಒಂದರ ಕೆಳಗೊಂದು. ಸಂಜೆ ಆ ಹಾಳೆಗಳು ಬುಟ್ಟಿಗೆ ಹೋಗುತ್ತವೆ. ತಾತ ಅದನ್ನು ಕಂಡೂ ಕಾಣದವನಂತೆ ಇದ್ದಾನೆ. ಒಮ್ಮೆ ಮಾತ್ರ, "ಬೇರೆ ಏನಾದ್ರೂ ಬರಿಯೋ ಮಗಾ," ಎಂದನಂತೆ. "ಬೇರೆ ಏನಿದೆ ತಾತ?" ಎಂದನಂತೆ ಈತ.

ಮೊನ್ನೆ ನಾನು ತಾತನನ್ನು ಕಾಣಲು ಮಹಡಿ ಹತ್ತಿದ್ದೆ. ನನ್ನ ಹಿಂದೆಯೇ ಗೆರೆಯಣ್ಣನ ಹೆಂಡತಿ ಬಂದಳು. ಆ ದಿನದ ಮೇಲೆ ಆಕೆ ಆ ಬಾಗಿಲಿಗೆ ಬಂದದ್ದು ಅದೇ ಮೊದಲು. ಚಕ್ರದ ಬಳಿ ಹೊಸಬ ಕೊಳವೆ ಕೊರೆಯುತ್ತಿದ್ದ, ಗೆರೆಯಣ್ಣ ಬಾಗಿಲಿಗೆ ಬೆನ್ನು ಮಾಡಿ ನಿಬ್ಬು ನೋಡುತ್ತಿದ್ದ. ಆಕೆಯ ಬೆನ್ನು ತಾನಾಗಿ ಚೌಕಟ್ಟಿಗೆ ಒರಗಿತು. ಆಮೇಲೆ, ಏನೋ ನೆನಪಾದವಳಂತೆ, ಆಕೆ ನೆಟ್ಟಗೆ ನಿಂತು ಗಟ್ಟಿಯಾಗಿ ಕೂಗಿದಳು:

"ರೀ!"

ಇಡೀ ಮಹಡಿ ಬೆಚ್ಚಿತು. ಹೊಸಬನ ಉಳಿ ಜಾರಿತು. ಗೆರೆಯಣ್ಣ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು, ನೀರಿನ ಬಟ್ಟಲು ಉರುಳಿತು.

"ಏನು? ಏನಾಯ್ತು?"

"ಏನಿಲ್ಲ," ಎಂದಳು ಆಕೆ. ಮುಖ ಬಿಳಿಚಿಕೊಂಡಿತ್ತು. "ಕನ್ನಡಕ ಮನೇಲೇ ಬಿಟ್ಟು ಬಂದಿದ್ರಿ."

ಆತ ಕನ್ನಡಕ ತೆಗೆದುಕೊಂಡ. ಇಬ್ಬರೂ ಬಾಗಿಲಲ್ಲಿ ಎದುರುಬದುರು ನಿಂತರು. ಕೂಗಬೇಕಾದವಳು ಕೂಗಿದ್ದಳು, ಏಳಬೇಕಾದವನು ಎದ್ದಿದ್ದ. ಅದರಿಂದ ಯಾರಿಗೂ ಏನೂ ಸಿಕ್ಕಲಿಲ್ಲ. ಆಕೆ ಮೆಟ್ಟಿಲಿಳಿದು ಹೋದಳು.

ಮೇಜಿನ ಮೇಲೆ ಆತ ಬರೆಯುತ್ತಿದ್ದ ಹಾಳೆ ಬಿದ್ದಿತ್ತು. ಕೊನೆಯ ‘ಬಂದೆ’ ಅರ್ಧಕ್ಕೇ ನಿಂತು, ಅಲ್ಲಿಂದ ಒಂದು ಗೆರೆ ಕಾಗದದ ಅಂಚಿನವರೆಗೆ ಹರಿದಿತ್ತು, ಉದ್ದಕ್ಕೂ ನಡುಗುತ್ತ, ಅಲ್ಲಲ್ಲಿ ಮಸಿ ಕಾರುತ್ತ. ನಾನು ನೋಡುತ್ತಿರುವುದನ್ನು ಕಂಡು ಆತನೂ ನೋಡಿದ. ಕನ್ನಡಕ ಹಾಕಿಕೊಂಡು, ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಪೆನ್ನನ್ನು ನೋಡಿದಷ್ಟೇ ಎಚ್ಚರಿಕೆಯಿಂದ ಆ ಗೆರೆಯನ್ನು ಆದಿಯಿಂದ ಅಂತ್ಯದವರೆಗೆ ನೋಡಿದ.

"ಈಗ ನಡುಗತ್ತೆ," ಎಂದು, ಹಾಳೆಯನ್ನು ಮುದುರಿ ಬುಟ್ಟಿಗೆ ಹಾಕಿದ. ಬಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿದ. ಚೆಲ್ಲಿದ ನೀರನ್ನು ಒರೆಸಿ, ಇನ್ನೊಂದು ಪೆನ್ನನ್ನು ಕೈಗೆತ್ತಿಕೊಂಡ.

ಎಲ್ಲ ಸರಿಹೋಯಿತೆಂದು ನಾನು ಬರೆದಿಲ್ಲ. ಕೊನೆಯ ಸಾಲಿನ ಆ ಕುರ್ಚಿಯಲ್ಲಿ, ನಾವೆಲ್ಲ ಕಣ್ಣು ಮುಚ್ಚಿ ಮೌನವಾಗಿ ಬೇಡುವ ಹೊತ್ತಿನಲ್ಲಿ, ಗಾಳಿಗೆ ಬಾಗಿಲು ಕಿರುಗುಟ್ಟಿದರೆ ಒಬ್ಬ ಮನುಷ್ಯ ಎದ್ದು ನಿಲ್ಲುವ ಸದ್ದು ಕೇಳಿಸುತ್ತದೆ. ಆಗ ನೀವು ಕಣ್ಣು ತೆರೆಯಬೇಡಿ. ನಿಮ್ಮ ನಿಮ್ಮ ಬೇಡಿಕೆಯನ್ನು ಅಲ್ಲಿಗೇ ನಿಲ್ಲಿಸಿ, ಆತ ಮತ್ತೆ ಕೂರುವವರೆಗೆ ಆತನಿಗಾಗಿ ಬೇಡಿಕೊಳ್ಳಿ.